ಬೇರೆ ಬೇರೆ ಗಾತ್ರದ ಹಾರ್ಡ್ ಡಿಸ್ಕ್‌ಗಳಿಂದ ಮನೆಯಲ್ಲಿ ರೇಡ್ ಮಾಡಬಹುದೇ?

ಮಡಿಕೇರಿಯ ಮನೆಯಲ್ಲಿರುವ 4, 3 ಮತ್ತು 1 ಟಿಬಿಯ ಮೂರು ಹಾರ್ಡ್ ಡಿಸ್ಕ್‌ಗಳನ್ನು ಸೇರಿಸಿ ರೇಡ್ 5 (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ವಿಧಾನದ ಒಂದು ಬಗೆ) ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ಸಾಮಾನ್ಯ ರೇಡ್ ಎಲ್ಲ ಡಿಸ್ಕ್‌ಗಳನ್ನೂ ಅತಿ ಚಿಕ್ಕದರ ಅಳತೆಗೇ ಇಳಿಸಿ ಲೆಕ್ಕ ಹಿಡಿಯುವುದರಿಂದ ಮತ್ತು ರೇಡ್ 5ರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕ್‌ನಲ್ಲಿದ್ದುದನ್ನು ಮರಳಿ ಪಡೆಯಲು ಇಡುವ ಲೆಕ್ಕದ ಮಾಹಿತಿಗೆ) ಹೋಗುವುದರಿಂದ, ಒಟ್ಟು 8 ಟಿಬಿಯಲ್ಲಿ ನಿಮಗೆ ದಕ್ಕುವುದು 2 ಟಿಬಿ ಮಾತ್ರ.

ನಾನಾದರೆ ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ, ಎಲ್ಲದರ ಎರಡು ಪ್ರತಿ ಇಡುವ ರೇಡ್ 1 ಆರಿಸಿಕೊಳ್ಳುತ್ತೇನೆ. ಅದು ಇಡೀ ಡಿಸ್ಕ್‌ಗಳನ್ನು ಜೋಡಿ ಮಾಡುವುದಿಲ್ಲ. ದತ್ತಾಂಶವನ್ನು ಸುಮಾರು 1 ಜಿಬಿಯ ತುಂಡುಗಳಾಗಿ ಮಾಡಿ, ಆ ಹೊತ್ತಿಗೆ ಹೆಚ್ಚು ಜಾಗ ಖಾಲಿಯಿರುವ ಎರಡು ಡಿಸ್ಕ್‌ಗಳಲ್ಲಿ ಒಂದೊಂದು ಪ್ರತಿ ಇಡುತ್ತದೆ. ಅತಿ ದೊಡ್ಡ ಡಿಸ್ಕ್ ಉಳಿದವುಗಳ ಮೊತ್ತವನ್ನು ಮೀರದಿದ್ದರೆ ಒಟ್ಟು ಜಾಗದ ಅರ್ಧ ಸಿಗುತ್ತದೆ. ನಿಮ್ಮಲ್ಲಿ 3 ಮತ್ತು 1 ಕೂಡಿದರೆ ಸರಿಯಾಗಿ 4 ಆಗುವುದರಿಂದ ಸುಮಾರು 4 ಟಿಬಿ ಬಳಕೆಗೆ ಬರುತ್ತದೆ, ಯಾವುದೇ ಒಂದು ಡಿಸ್ಕ್ ಕೆಟ್ಟರೂ ಕಡತಗಳು ಉಳಿಯುತ್ತವೆ. ಇದೇ ಬಿಟಿಆರ್‌ಎಫ್‌ಎಸ್‌ನ ರೇಡ್ 5 ಮಾತ್ರ ಬೇಡ. ಬರೆಯುವಾಗ ಕರೆಂಟ್ ಹೋದರೆ ಪ್ಯಾರಿಟಿ ತಾಳೆಯಾಗದೆ ಉಳಿಯುವ ಅಪಾಯ ಅದಕ್ಕಿದೆ, ಆಟಿಯ ಮಳೆಗೆ ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬೀಳುವುದು ನಮ್ಮ ಕೊಡಗಿನಲ್ಲಿ ಹೊಸ ಸಂಗತಿಯೇನೂ ಅಲ್ಲ. ಆದ್ದರಿಂದ ಚಿಕ್ಕದೊಂದು ಯುಪಿಎಸ್ ಇರಲಿ.

ಡಿಸ್ಕ್‌ಗಳನ್ನು ಹೊಸದಾಗಿ ಫಾರ್ಮ್ಯಾಟ್ ಮಾಡುವಾಗ ಇರುವುದೆಲ್ಲ ಅಳಿಸಿಹೋಗುತ್ತದೆ. ತಪ್ಪಿ ಅಳಿಸಿದ ಫೋಟೊವನ್ನು ರೇಡ್ ಮರಳಿ ಕೊಡುವುದಿಲ್ಲವಾದ್ದರಿಂದ, ಇನ್ನೊಂದು ಪ್ರತಿಯನ್ನು ವಿರಾಜಪೇಟೆಯಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಯಲ್ಲಿಡಿ.