ಓದುಗರ ಪ್ರಶ್ನೆ: ಕೈ ಮುಗಿಯದವನೂ ಊರಿನವನೇ

ಈ ಸಲ ಬಂದ ಕಾಗದಗಳಲ್ಲಿ ಒಂದೇ ವಿಷಯದ್ದು ಜಾಸ್ತಿ ಇದ್ದವು. ದೇವರನ್ನು ನಂಬದವರು ನಂಬುವವರ ನಡುವೆ ಹೇಗೆ ಬದುಕಬೇಕು ಅನ್ನುವುದು. ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಊರು ಹೊಸನಗರದ ಕಡೆ, ಕೆಲಸ ಬೆಂಗಳೂರಿನಲ್ಲಿ. ನನಗೆ ದೇವರಲ್ಲಿ ನಂಬಿಕೆ ಇಲ್ಲ, ಮನೆಯವರಿಗೂ ಗೊತ್ತು. ಈ ವರ್ಷ ಊರ ದೇವಸ್ಥಾನದ ಜೀರ್ಣೋದ್ಧಾರ. ವಂತಿಗೆ ಕೊಡಬೇಕಂತೆ, ಅಪ್ಪನ ಜೊತೆ ಸಂಕಲ್ಪಕ್ಕೂ ಕೂರಬೇಕಂತೆ. ಕೂರದಿದ್ದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಕೂತರೆ ನಾನು ಡೋಂಗಿ ಅಲ್ವಾ?

ಉತ್ತರ: ವಂತಿಗೆ ವಿಷಯ ಮೊದಲು ಮುಗಿಸೋಣ. ಕೊಡುವುದಾದರೆ ಕೊಟ್ಟುಬಿಡಿ, ಇಲ್ಲದಿದ್ದರೆ ಇಲ್ಲ ಅನ್ನಿ. ಒಂದು ಗಂಟೆ ತಕರಾರು ಮಾಡಿ ಆಮೇಲೆ ಕೊಡಬೇಡಿ. ದುಡ್ಡೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಇನ್ನು ದೊಡ್ಡ ವಿಷಯ. ನಮ್ಮ ಮಲೆನಾಡಿನ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಹಳ್ಳ, ಗುಡ್ಡ. ಜನ ಒಂದು ಕಡೆ ಸೇರುವುದೇ ಮದುವೆಗೆ, ತಿಥಿಗೆ, ದೇವರ ಕೆಲಸಕ್ಕೆ. ಮಳೆಗೆ ಹಳ್ಳದ ಸಂಕ (ಕಾಲುಸೇತುವೆ) ಕೊಚ್ಚಿಕೊಂಡು ಹೋಗಿದ್ದು, ಕರೆಂಟ್ ಕಂಬ ಬಿದ್ದು ವಾರ ಕಳೆದರೂ ಲೈನ್‌ಮನ್ ಬಾರದಿದ್ದು, ಯಾರ ಅಡಿಕೆ ತೋಟಕ್ಕೆ ಕೊಳೆರೋಗ ಬಂತು, ಅದಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಆಳು ಸಿಕ್ಕರಾ ಇಲ್ಲವಾ, ಎಲ್ಲ ಮಾತೂ ಆಗುವುದು ದೇವಸ್ಥಾನದ ಜಗಲಿಯಲ್ಲೇ. ಹಾಗಾಗಿ ನೀವು ಬರದಿದ್ದರೆ 'ಇವನು ದೇವರನ್ನು ನಂಬುವುದಿಲ್ಲ' ಅಂತ ಯಾರೂ ಅಂದುಕೊಳ್ಳುವುದಿಲ್ಲ. 'ಇವನಿಗೆ ನಾವು ಬೇಡ' ಅಂದುಕೊಳ್ಳುತ್ತಾರೆ. ನಿಮ್ಮ ಮನಸ್ಸಿನಲ್ಲಿ ದೇವರಿದ್ದಾನೋ ಇಲ್ಲವೋ ಅನ್ನುವುದು ಊರಿಗೆ ಅಂಥ ತಲೆನೋವಲ್ಲ. ನೀವು ಬಂದಿರಾ ಅನ್ನುವುದೇ ಲೆಕ್ಕ.

ಹೋಗಿ. ಚಪ್ಪರ ಹಾಕುವಾಗ ಕೈ ಹಾಕಿ, ಊಟಕ್ಕೆ ಸಾರಿನ ಬಕೆಟ್ ಹಿಡಿಯಿರಿ. ಅದು ಡೋಂಗಿ ಅಲ್ಲ. ಆದರೆ ಸಂಕಲ್ಪಕ್ಕೆ ಕೂರಬೇಡಿ. ಅಲ್ಲಿ ನಿಮ್ಮ ಹೆಸರು, ಗೋತ್ರ, ನಕ್ಷತ್ರ ಹೇಳಿ ನಿಮ್ಮ ಬಾಯಿಂದಲೇ ಮಾತು ಆಡಿಸುತ್ತಾರೆ. ನಂಬದ ಮಾತನ್ನು ಅಷ್ಟು ಜನರ ಎದುರು ಹೇಳುವುದು ನಂಬುವವರಿಗೂ ಮರ್ಯಾದೆ ಕೊಟ್ಟಂತಲ್ಲ. ಇದನ್ನು ಅಪ್ಪನಿಗೆ ಹದಿನೈದು ದಿನ ಮುಂಚೆ ಹೇಳಿ, ಬೇಕಾದರೆ ಚಿಕ್ಕಪ್ಪನನ್ನು ಕೂರಿಸಿಕೊಳ್ಳಲಿ. ಅವತ್ತೇ ಬೆಳಗ್ಗೆ ಭಟ್ಟರು ಕರೆದಾಗ 'ನಾನು ಕೂರಲ್ಲ' ಅಂದರೆ ಅದು ವಿಚಾರ ಅಲ್ಲ, ಅಪ್ಪನಿಗೆ ಮಾಡಿದ ಅವಮಾನ.

ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ. ಊಟಕ್ಕೆ ಜಾತಿ ನೋಡಿ ಬೇರೆ ಪಂಕ್ತಿ ಹಾಕಿದರೆ ಬಡಿಸಲೂ ಹೋಗಬೇಡಿ, ಉಣ್ಣಲೂ ಕೂರಬೇಡಿ. ಯಾಕೆ ಅಂತ ಬಾಯಿ ಬಿಟ್ಟು ಹೇಳಿ. ದೇವರಿಲ್ಲ ಅಂತ ರಾತ್ರಿಯಿಡೀ ವಾದ ಮಾಡುವ ನಮ್ಮ ಎಷ್ಟೋ ಹುಡುಗರು ಊರಿಗೆ ಬಂದಾಗ ಪಂಕ್ತಿ ಬಗ್ಗೆ ಒಂದು ಮಾತೂ ಆಡದೆ ಸುಮ್ನೆ ಉಂಡು ಬಸ್ ಹತ್ತುತ್ತಾರೆ. ನನಗೆ ಅದೇ ಜಾಸ್ತಿ ಡೋಂಗಿ ಅನ್ನಿಸುತ್ತದೆ.

ಇನ್ನೊಂದು. ನಿಮ್ಮ ಪತ್ರದ ಕೊನೆಯಲ್ಲಿ ಅಲ್ಲಮ, ಕುವೆಂಪು ಎಲ್ಲ ನಮ್ಮ ಕಡೆಯ ನಾಸ್ತಿಕರೇ ಅಂತ ಬರೆದಿದ್ದೀರಿ. ಹಾಗೆ ವಾದಕ್ಕಿಳಿಯಬೇಡಿ, ಸೋಲುತ್ತೀರಿ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಅಲ್ಲಮನಾಗಲಿ, ಕುಪ್ಪಳಿಯ ಕುವೆಂಪು ಆಗಲಿ ಗುಡಿಯನ್ನು, ಪೂಜೆಯ ಆಡಂಬರವನ್ನು ಬೈದವರೇ ಹೊರತು ಅಧ್ಯಾತ್ಮ ಬಿಟ್ಟವರಲ್ಲ. ಅವರು ಹೇಳಿದ್ದೇ ಬೇಕಾದಷ್ಟಿದೆ, ಹೇಳದ್ದನ್ನು ಅವರ ತಲೆಗೆ ಕಟ್ಟಬೇಡಿ.

ಪ್ರಶ್ನೆ: ಸಾಗರ ತಾಲೂಕು. ನಾನೂ ನಂಬುವುದಿಲ್ಲ, ನನ್ನ ಗಂಡನೂ ನಂಬುವುದಿಲ್ಲ. ಅವರು ದೀಪ ಹಚ್ಚದಿದ್ದರೆ 'ಅವನು ಓದಿದವನು' ಅನ್ನುತ್ತಾರೆ. ನಾನು ಹಚ್ಚದಿದ್ದರೆ 'ತೌರಲ್ಲಿ ಏನೂ ಕಲಿಸಿಲ್ಲ' ಅನ್ನುತ್ತಾರೆ. ಆದರೆ ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಬಂದರೆ ಬುಟ್ಟಿಗೆ ಚಿತ್ತಾರ ಬರೆಯುವುದು ನನಗೆ ತುಂಬಾ ಇಷ್ಟ. ಇದು ಸರಿಯಾ?

ಉತ್ತರ: ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುವುದು ಇಷ್ಟವಾದರೆ ಬರೆಯಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ನಾಸ್ತಿಕರದ್ದೂ ಬೇಡ.

ನಿಮ್ಮ ತೊಂದರೆ ಇರುವುದು ದೇವರ ಹತ್ತಿರ ಅಲ್ಲ, ಗಂಡನ ಹತ್ತಿರ. ಅತ್ತೆ ನಿಮ್ಮನ್ನು ಅಂದಾಗ ಅವರು ಪೇಪರ್ ಓದುತ್ತಾ ಕೂತಿರುತ್ತಾರೆ, ಅಲ್ವಾ? ನಂಬದ ಗಂಡಸಿಗೆ ಮನೆಯಲ್ಲಿ ಒಂದು ರಜೆ ಸಿಗುತ್ತದೆ. ನಂಬದ ಹೆಂಗಸಿಗೆ ಕೆಲಸ ಹಾಗೇ ಇರುತ್ತದೆ, ಜೊತೆಗೆ ಮಾತೂ ಕೇಳಬೇಕು. ಹಬ್ಬದ ಹಿಂದಿನ ರಾತ್ರಿ ನಿದ್ದೆಗೆಟ್ಟು ಸೊಪ್ಪು ಬೇಯಿಸುವವರು ಹೆಂಗಸರು, ಬೆಳಗ್ಗೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ (ಭೂಮಿಗೆ ಹಾಕುವ ಎಡೆ) ಬೀರುವವರು ಗಂಡಸರು. 'ಅಮ್ಮ, ಅವಳಿಗೆ ಹೇಳಬೇಡ, ನನಗೆ ಹೇಳು' ಅಂತ ಅವರು ಒಂದು ಸಲ ಹೇಳಲಿ. ಮುಟ್ಟಿನ ದಿನ ಹೊರಗೆ ಕೂರಿಸುವುದಿದ್ದರೆ ಅದನ್ನೂ ಅವರೇ ಎತ್ತಲಿ. ಅಷ್ಟೂ ಮಾತಾಡದಿದ್ದರೆ ಅವರು ವಿಚಾರವಾದಿ ಅಲ್ಲ, ಬರೀ ಸೋಮಾರಿ.

ಪ್ರಶ್ನೆ: ನಾನು ಆಸ್ತಿಕ. ದೇವರ ಹೆದರಿಕೆ ಇಲ್ಲದವರು ಕಳ್ಳತನ, ಮೋಸ ಮಾಡುವುದಿಲ್ಲ ಅಂತ ಏನು ಗ್ಯಾರಂಟಿ? ನಮ್ಮ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡು ಹಾಕಿದ ಮೇಲೆ ಅಡಿಕೆ ಕದಿಯುವುದು ನಿಂತಿದೆ.

ಉತ್ತರ: ನಿಂತಿದ್ದು ಒಳ್ಳೆಯದಾಯಿತು. ಆದರೆ ಯೋಚನೆ ಮಾಡಿ, ಆ ಬೋರ್ಡು ನೋಡಿ ಹಿಂದೆ ಸರಿದವನು ಯಾರು? ಅಮ್ಮನನ್ನು ನಂಬುವವನೇ. ಅಂದರೆ ಇಷ್ಟು ದಿನ ನಿಮ್ಮ ಅಡಿಕೆ ಕದ್ದವನು ಆಸ್ತಿಕ!

ತಮಾಷೆ ಇರಲಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ವಿಚಾರವಾದಿ, ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಅಷ್ಟೆಲ್ಲ ಆಗಿ ಕೊನೆವರೆಗೂ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. ಅವರನ್ನು ಕಾಯಲು ಬೋರ್ಡು ಬೇಕಿರಲಿಲ್ಲ.

ಪ್ರಶ್ನೆ: ತೀರ್ಥಹಳ್ಳಿ. ನಾವಿಬ್ಬರೂ ಶಾಸ್ತ್ರವಿಲ್ಲದೆ ಮದುವೆಯಾಗಬೇಕು ಅಂತಿದ್ದೇವೆ. ಮಂತ್ರ ಮಾಂಗಲ್ಯ ಮಾಡಿಕೊಂಡರೆ ಕಾನೂನಿಗೆ ಸಾಕಾ?

ಉತ್ತರ: ಅದು ಒಂದೇ ಆದರೆ ಸಾಲದು ಅಂದುಕೊಂಡೇ ನಡೆಯಿರಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಾಡಿದ್ದು ಇದೇ ರೀತಿ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತ ಇಲ್ಲ. ಆದರೆ ಹಿಂದೂ ವಿವಾಹ ಕಾಯ್ದೆ ಶಾಸ್ತ್ರ ಕೇಳುತ್ತದೆ. ಶಾಸ್ತ್ರ ಆಗದೆ ಬರೀ ನೋಂದಣಿ ಮಾಡಿಸಿದರೆ ಆ ಕಾಯ್ದೆಯ ಪ್ರಕಾರ ಮದುವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪುರೋಹಿತರಿಲ್ಲದ ಮದುವೆಗೆ ತಮಿಳುನಾಡು 1967ರಲ್ಲೇ ತಿದ್ದುಪಡಿ ಮಾಡಿಕೊಂಡಿದೆ, ನಮ್ಮಲ್ಲಿ ಅದಿಲ್ಲ.

ನಿಮಗಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಡುವ ಜಿಲ್ಲೆಯಲ್ಲಿ ನಿಮ್ಮಲ್ಲೊಬ್ಬರಾದರೂ ಕನಿಷ್ಠ 30 ದಿನ ಇದ್ದಿರಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಆ ನೋಟಿಸನ್ನು ಆಫೀಸಿನಲ್ಲಿ ಅಂಟಿಸುತ್ತಾರೆ, ನೆನಪಿರಲಿ. ಮನೆಯವರಿಗೆ ಅಲ್ಲಿಂದ ಗೊತ್ತಾಗುವುದಕ್ಕಿಂತ ನೀವೇ ಮೊದಲು ಹೇಳುವುದು ಒಳ್ಳೆಯದು. ಹೇಳಿದರೆ ಅಪಾಯ ಅನ್ನುವ ಮನೆಯಾದರೆ ಮೊದಲು ವಕೀಲರನ್ನು ನೋಡಿ. ಇದೆಲ್ಲ ಆದ ಮೇಲೆ ಮಂತ್ರ ಮಾಂಗಲ್ಯ ಧಾರಾಳವಾಗಿ ಮಾಡಿಕೊಳ್ಳಿ.

ಪ್ರಶ್ನೆ: ಜನಗಣತಿಯವರು ಬಂದರೆ ಧರ್ಮದ ಜಾಗದಲ್ಲಿ ಏನು ಬರೆಸಲಿ? ಇಲ್ಲ ಅಂದರೆ ಒಪ್ಪುತ್ತಾರಾ?

ಉತ್ತರ: ನೀವು ಹೇಳಿದ್ದನ್ನೇ ಬರೆದುಕೊಳ್ಳಬೇಕು. 2011ರ ಗಣತಿಯಲ್ಲಿ ದೇಶದಲ್ಲಿ ಸುಮಾರು 29 ಲಕ್ಷ ಜನರ ಧರ್ಮ ಹೇಳಿಲ್ಲ ಅಂತ ದಾಖಲಾಗಿದೆ. ಧರ್ಮ ಹೇಳು ಅಂತ ಸರ್ಕಾರ ಯಾರನ್ನೂ ಒತ್ತಾಯ ಮಾಡುವಂತಿಲ್ಲ ಅಂತ ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಹಾಗಂತ ಆಸ್ತಿ ಹಂಚಿಕೆ ಬಂದಾಗ ಕಾನೂನು ನಿಮ್ಮನ್ನು ಬಿಡುವುದಿಲ್ಲ. ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕನಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯೇ.

ಗಣತಿಯವರು ಬರುವ ದಿನ ಮಾತ್ರ ಮನೆಯಲ್ಲಿರಿ. ನೀವು ತೋಟಕ್ಕೆ ಹೋಗಿದ್ದರೆ ಅಜ್ಜಿ ಹೇಳಿದ್ದೇ ದಾಖಲೆ.