ಹಾರ ಹಾಕುವ ಮುನ್ನ ಅರ್ಜಿ ಹಾಕಿ

ಪತ್ರದ ಸಾರ: ನಮ್ಮ ಯುವಕ ಸಂಘದಿಂದ ಈ ನವೆಂಬರ್‌ನಲ್ಲಿ ಇಬ್ಬರನ್ನು ಸನ್ಮಾನಿಸಬೇಕೆಂದಿದ್ದೇವೆ. ಒಬ್ಬರು ನಮ್ಮ ಕಂದಾಯ ವೃತ್ತದ ಗ್ರಾಮ ಆಡಳಿತ ಅಧಿಕಾರಿ. ಸಂತೆಯ ದಿನ ಶಾಲೆಯ ಜಗುಲಿಯಲ್ಲಿ ಕೂತು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿ ತೆಗೆದುಕೊಳ್ಳುತ್ತಾರೆ, ಯಾರ ಮನೆಯ ಕಾಫಿಯನ್ನೂ ಮುಟ್ಟುವುದಿಲ್ಲ. ಇನ್ನೊಬ್ಬರು ಗ್ರಾಮ ಪಂಚಾಯಿತಿಯ ಮಾಜಿ ಅಧ್ಯಕ್ಷೆ. ಟ್ರ್ಯಾಕ್ಟರ್ ಮೆರವಣಿಗೆ, ಬೆಳ್ಳಿ ಕಿರೀಟ, ತಲಾ 25 ಸಾವಿರ ನಗದು, ಊಟ ಎಲ್ಲ ಸೇರಿ ಒಂದೂವರೆ ಲಕ್ಷದ ಅಂದಾಜು. ಊರಿನ ವರ್ತಕರು, ಗುತ್ತಿಗೆದಾರರು ಚಂದಾ ಕೊಡಲು ಒಪ್ಪಿದ್ದಾರೆ. ಭ್ರಷ್ಟರ ಸುದ್ದಿಯನ್ನೇ ಹಾಕುವ ನೀವು ಇಂಥವರ ಬಗ್ಗೆ ಏಕೆ ಬರೆಯುವುದಿಲ್ಲ? ಕಾರ್ಯಕ್ರಮ ಹೇಗೆ ಮಾಡಬೇಕು, ತಿಳಿಸಿ. (ಹೆಸರು, ಊರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಮಾನ್ಯರೇ,

ಬರೆಯಬೇಕು, ಬರೆಯುತ್ತೇವೆ. ಆ ದೂರನ್ನು ಒಪ್ಪಿಕೊಂಡೇ ಮುಂದಿನ ಮಾತು. ಕಾಫಿಯನ್ನೂ ಮುಟ್ಟದವರಿಗೆ ಗುತ್ತಿಗೆದಾರರ ದುಡ್ಡಿನ ಬೆಳ್ಳಿ ಕಿರೀಟ ತೊಡಿಸಲು ಹೊರಟಿದ್ದೀರಿ. ನಿಮ್ಮ ಯೋಜನೆಯ ತೊಡಕೆಲ್ಲ ಈ ಒಂದು ವಾಕ್ಯದಲ್ಲೇ ಇದೆ.

ಸೇವೆಯಲ್ಲಿರುವ ಸರ್ಕಾರಿ ನೌಕರರನ್ನು ಇಷ್ಟ ಬಂದ ಹಾಗೆ ಸನ್ಮಾನಿಸಲು ಬರುವುದಿಲ್ಲ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯ ನಿಯಮವೇ ಇದಕ್ಕೆಂದು ಇದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಭಿನಂದನಾ ಪತ್ರ ಸ್ವೀಕರಿಸುವಂತಿಲ್ಲ, ತನ್ನ ಗೌರವಾರ್ಥ ಏರ್ಪಡಿಸಿದ ಸಭೆಗೆ ಹೋಗುವಂತಿಲ್ಲ. ನಮ್ಮ ರಾಜ್ಯದಲ್ಲಿ 1966ರ ನಡತೆ ನಿಯಮಗಳು ಹೋಗಿ 2021ರವು ಬಂದಿವೆ, ಧಾಟಿ ಅದೇ. ವರ್ಗಾವಣೆ ಅಥವಾ ನಿವೃತ್ತಿಯ ಹೊತ್ತಿನಲ್ಲಿ ನಡೆಯುವ ಖಾಸಗಿ, ಅನೌಪಚಾರಿಕ ಬೀಳ್ಕೊಡುಗೆಗೆ ಕೇಂದ್ರದ ನಿಯಮದಲ್ಲಿ ವಿನಾಯಿತಿ ಇದೆ. ಟ್ರ್ಯಾಕ್ಟರ್ ಮೆರವಣಿಗೆ ಖಾಸಗಿಯೂ ಅಲ್ಲ, ಅನೌಪಚಾರಿಕವೂ ಅಲ್ಲ. ಖಾಸಗಿ ಸಂಸ್ಥೆಗಳು ಕೊಡುವ ಪ್ರಶಸ್ತಿಗಳ ಬಗ್ಗೆ ಕೇಂದ್ರದ ಸಿಬ್ಬಂದಿ ಇಲಾಖೆ 2023ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು: ನಗದು ಇರಬಾರದು, ಕೊಡುವ ಸಂಸ್ಥೆಯ ಬಗ್ಗೆ ಬೆರಳು ತೋರಿಸುವಂತಿರಬಾರದು. ಹೀಗಾಗಿ 25 ಸಾವಿರದ ಲಕೋಟೆಯನ್ನು ಇವತ್ತೇ ಪಟ್ಟಿಯಿಂದ ತೆಗೆದುಬಿಡಿ. ಕಿರೀಟವನ್ನೂ ತೆಗೆಯಿರಿ. ವೇದಿಕೆಯ ಮೇಲೆ ನಗುತ್ತ ಲಕೋಟೆ ತೆಗೆದುಕೊಂಡ ಫೋಟೊ ನಾಳೆ ಅವರ ಮೇಲಿನ ದೂರಿಗೆ ಲಗತ್ತಾಗುತ್ತದೆ. ಅದನ್ನು ಲಗತ್ತಿಸುವವರು ನಿಮ್ಮ ಊರಿನಲ್ಲೇ ಇರುತ್ತಾರೆ.

ಚಂದಾ ವಿಷಯ ಇನ್ನೂ ಸೂಕ್ಷ್ಮ. ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಕೆಲಸವಿಲ್ಲದ ಮನೆ ಹೋಬಳಿಯಲ್ಲಿ ಸಿಗುವುದು ಕಷ್ಟ. ಒಬ್ಬರದು ಪೌತಿ ಖಾತೆ, ಒಬ್ಬರದು ವಂಶವೃಕ್ಷ, ಇನ್ನೊಬ್ಬರದು ಒತ್ತುವರಿ ತಕರಾರು. ಚಂದಾ ಕೊಟ್ಟವರ ಅರ್ಜಿ ಮುಂದಿನ ತಿಂಗಳು ವಿಲೇವಾರಿಯಾದರೆ ಅದು ನ್ಯಾಯವಾಗಿಯೇ ಆಗಿದ್ದರೂ ಊರು ಬೇರೆ ಲೆಕ್ಕ ಹಾಕುತ್ತದೆ. ಆದ್ದರಿಂದ ಸಂಘದ ಸದಸ್ಯರ ವಂತಿಗೆಯಲ್ಲೇ ಮುಗಿಸಿ. ತಲೆಗೆ ಇಷ್ಟು ಎಂದು ಸಮನಾಗಿ ಹಾಕಿ, ರಸೀದಿ ಹರಿಯಿರಿ, ಲೆಕ್ಕವನ್ನು ಮರುದಿನವೇ ಸಂಘದ ಬಾಗಿಲಿಗೆ ಅಂಟಿಸಿ. ಗುತ್ತಿಗೆದಾರರಿಂದ ಒಂದು ರೂಪಾಯಿಯೂ ಬೇಡ. ಪಂಚಾಯಿತಿಯ ಮಾಜಿ ಅಧ್ಯಕ್ಷರೂ ಅದೇ ವೇದಿಕೆಯಲ್ಲಿ ಕೂರುವಾಗ ಕಾಮಗಾರಿ ಮಾಡಿದವರ ಹಣ ಬಂದರೆ ಇಬ್ಬರ ಹೆಸರಿಗೂ ಮಸಿ.

ಎಲ್ಲಕ್ಕಿಂತ ಮೊದಲು ಆ ಅಧಿಕಾರಿಯನ್ನೇ ಕೇಳಿ. ಹತ್ತು ಜನ ಗುಂಪು ಕಟ್ಟಿಕೊಂಡು ಹೋಗಬೇಡಿ. ಸಂಘದ ಇಬ್ಬರು ಹೋಗಿ ಕೇಳಿದರೆ ಸಾಕು. ‘ಬೇಡ’ ಎಂದರೆ ಅದನ್ನು ವಿನಯ ಎಂದು ತಿಳಿದು ಒತ್ತಾಯಿಸುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಆ ವಾಡಿಕೆ ಬೇಡ. ನೆಟ್ಟಗೆ ಕೆಲಸ ಮಾಡುವವರಿಗೆ ಸದ್ದಿಲ್ಲದಿರುವುದೇ ಎಷ್ಟೋ ಸಲ ರಕ್ಷಣೆ. ಕೋಲಾರ ಚಿನ್ನದ ಗಣಿ ಪ್ರದೇಶದ ಹುಡುಗ ಮಂಜುನಾಥ್ ಷಣ್ಮುಗಂ ತೈಲ ಕಂಪನಿಯ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕಿನ ಮೇಲೆ ಕ್ರಮ ಕೈಗೊಂಡು 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಅವರ ಹೆಸರಿನಲ್ಲಿ ಟ್ರಸ್ಟ್ ಹುಟ್ಟಿ ಪ್ರಶಸ್ತಿ ಶುರುವಾದದ್ದು ಅವರು ಹೋದ ಮೇಲೆ. ನಿಮ್ಮ ಅಧಿಕಾರಿ ಯಾರದಾದರೂ ಒತ್ತುವರಿ ತೆರವು ಮಾಡಿಸಿದ್ದರೆ, ಮರಳು ಗಾಡಿ ತಡೆದಿದ್ದರೆ, ಎದುರಾಳಿಯ ಹೆಸರು ವೇದಿಕೆಯಲ್ಲಿ ಬರಲೇಬಾರದು. ಪ್ರಕರಣ ಕೋರ್ಟಿನಲ್ಲಿದ್ದರೆ ಆ ಸಂಗತಿಯನ್ನೇ ಬಿಟ್ಟುಬಿಡಿ.

ಅವರು ಒಪ್ಪಿದರೆ ಅನುಮತಿ ಪತ್ರ. ಗ್ರಾಮ ಆಡಳಿತ ಅಧಿಕಾರಿಗಳ ನೇಮಕಾತಿ ಪ್ರಾಧಿಕಾರ ಜಿಲ್ಲಾಧಿಕಾರಿ. ತಹಶೀಲ್ದಾರರ ಮೂಲಕ ಅವರಿಗೆ ಬರೆಯಿರಿ, ಕಾರ್ಯಕ್ರಮಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲು. ಸಂಘದ ನೋಂದಣಿ ಸಂಖ್ಯೆ, ದಿನ, ಸ್ಥಳ, ವೇದಿಕೆಯಲ್ಲಿ ಯಾರ್ಯಾರು ಕೂರುತ್ತಾರೆ, ಏನೇನು ಕೊಡುತ್ತೀರಿ, ಅದರ ಬೆಲೆ ಎಷ್ಟು, ಹಣ ಎಲ್ಲಿಂದ, ನಗದು ಇಲ್ಲ ಎಂಬ ಸ್ಪಷ್ಟ ಸಾಲು ಇವೆಲ್ಲ ಒಂದೇ ಪುಟದಲ್ಲಿರಲಿ. ಅಧಿಕಾರಿಯೂ ತಮ್ಮ ಕಡೆಯಿಂದ ಒಂದು ಕೋರಿಕೆ ಕೊಡಬೇಕು. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಉತ್ತರ ಬರಲಿಲ್ಲವೆಂದರೆ ಒಪ್ಪಿದರು ಎಂದು ಅರ್ಥವಲ್ಲ. ಅನುಮತಿ ಕೈಗೆ ಬರುವ ತನಕ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡಬೇಡಿ.

ಇನ್ನು, ಬಹಳ ಮಂದಿ ಹಾರಿ ದಾಟುವ ಮೆಟ್ಟಿಲು: ಅವರು ನಿಜಕ್ಕೂ ಪ್ರಾಮಾಣಿಕರೇ? ಬೇಸರ ಮಾಡಿಕೊಳ್ಳಬೇಡಿ. 2019ರ ಆಗಸ್ಟ್ 15ರಂದು ತೆಲಂಗಾಣದ ಮಹಬೂಬ್‌ನಗರದಲ್ಲಿ ಒಬ್ಬ ಪೊಲೀಸ್ ಪೇದೆಗೆ ಉತ್ತಮ ಸೇವೆಯ ಪ್ರಶಸ್ತಿ ಬಂತು. ಮರುದಿನವೇ 17 ಸಾವಿರ ರೂಪಾಯಿ ಲಂಚದ ಪ್ರಕರಣದಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಅವರನ್ನು ಹಿಡಿಯಿತು. ಪ್ರಶಸ್ತಿ ಕೊಟ್ಟದ್ದು ಸರ್ಕಾರ. ಅದಕ್ಕೇ ಹಾಗಾಯಿತೆಂದರೆ ಯುವಕ ಸಂಘದ ಪಾಡೇನು?

ಸಂತೆಯಲ್ಲಿ ನಾಲ್ಕು ಜನ ‘ಒಳ್ಳೆಯವರು’ ಎಂದರೆ ಸಾಲದು. ನಮ್ಮಲ್ಲಿ ಆ ಮಾತಿಗೆ ಮೂರು ಅರ್ಥ. ನಗುತ್ತ ಮಾತಾಡಿಸುವವರೂ ಒಳ್ಳೆಯವರು, ನಿಯಮ ಸ್ವಲ್ಪ ಬಗ್ಗಿಸಿ ಕೆಲಸ ಮಾಡಿಕೊಟ್ಟವರೂ ಒಳ್ಳೆಯವರು, ದುಡ್ಡು ಕೇಳದವರೂ ಒಳ್ಳೆಯವರು. ಇದಲ್ಲದೆ ಇನ್ನೊಂದು ಜಾತಿ ಇದೆ, ಕೈ ಶುದ್ಧ ಆದರೆ ಕಡತ ಕದಲದು. ಲಂಚ ಮುಟ್ಟುವುದಿಲ್ಲ, ಸಹಿಯನ್ನೂ ಮುಟ್ಟುವುದಿಲ್ಲ. ಅಂಥವರಿಗೆ ಸನ್ಮಾನ ಮಾಡಿದರೆ ಅಲೆದು ಚಪ್ಪಲಿ ಸವೆಸಿದವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಹೀಗೆ ಮಾಡಿ. ಆ ವೃತ್ತದಲ್ಲಿ ಒಂದು ವರ್ಷದಲ್ಲಿ ಅರ್ಜಿ ಹಾಕಿದ 30 ಮನೆಗಳನ್ನು ಹುಡುಕಿ, ಬೇರೆ ಬೇರೆ ಕೇರಿಗಳಿಂದ. ಸಂಘದ ಸದಸ್ಯರ ಮನೆಗಳನ್ನು ಬಿಡಿ. ಕೇಳಬೇಕಾದದ್ದು ಮೂರೇ: ಅರ್ಜಿ ಕೊಟ್ಟದ್ದು ಯಾವಾಗ, ಎಷ್ಟು ಸಲ ಓಡಾಡಿದಿರಿ, ರಸೀದಿ ಇಲ್ಲದೆ ಯಾರ ಕೈಗಾದರೂ ಎಷ್ಟು ಕೊಟ್ಟಿರಿ? ‘ಯಾರ ಕೈಗಾದರೂ’ ಎಂಬುದು ಮುಖ್ಯ. ಅಧಿಕಾರಿ ಮುಟ್ಟದೆ ಬಾಗಿಲಲ್ಲಿ ನಿಂತ ಮಧ್ಯವರ್ತಿ ಮುಟ್ಟುವ ಏರ್ಪಾಡು ನಿಮಗೆ ಗೊತ್ತಿಲ್ಲದ್ದೇನಲ್ಲ. ಆ 30ರಲ್ಲಿ ಕನಿಷ್ಠ ಐದು ಮನೆಗಳು ಅರ್ಜಿ ತಿರಸ್ಕೃತವಾದವು ಆಗಿರಲಿ. ಅವರಿಗೆ ಕಾರಣ ಬರಹದಲ್ಲಿ ಸಿಕ್ಕಿತೇ, ಪಕ್ಕದ ಮನೆಯವರಿಗೂ ಅದೇ ಕಾರಣ ಹೇಳಿದ್ದರೇ ಎಂದು ವಿಚಾರಿಸಿ. ‘ಆಗುವುದಿಲ್ಲ’ ಎಂದವರ ಬಗ್ಗೆ ಆಗದೇ ಹೋದವರೂ ಕೆಟ್ಟದ್ದು ಆಡದಿದ್ದರೆ, ನೀವು ಆರಿಸಿದ್ದು ಸರಿಯಾದ ವ್ಯಕ್ತಿಯನ್ನೇ.

ಒಂದು ನ್ಯಾಯದ ಮಾತು. ತಕರಾರಿಲ್ಲದ ಖಾತೆ ಬದಲಾವಣೆಗೆ ಕೊನೆಯ ಆದೇಶ ಕೊಡುವುದು ರಾಜಸ್ವ ನಿರೀಕ್ಷಕರು. ತಕರಾರಿದ್ದರೆ ಅದು ಇನ್ನೂ ಮೇಲೆ ಹೋಗುತ್ತದೆ. ಅಲ್ಲಿ ಆದ ತಡವನ್ನು ಇವರ ತಲೆಗೆ ಕಟ್ಟಬೇಡಿ. ಅಲ್ಲಿ ಆದ ಕೆಲಸವನ್ನೂ ಇವರ ಲೆಕ್ಕಕ್ಕೆ ಬರೆಯಬೇಡಿ. ನಿಗದಿತ ದಿನಗಳೊಳಗೆ ಸೇವೆ ಕೊಡಬೇಕಾದ ರಾಜ್ಯದ ‘ಸಕಾಲ’ ಯೋಜನೆಯಲ್ಲಿ ಹಾಕಿದ ಅರ್ಜಿಗೆ 15 ಅಂಕಿಯ ಸಂಖ್ಯೆ ಇರುತ್ತದೆ. ಅರ್ಜಿದಾರರ ಬಳಿ ಆ ಚೀಟಿ ಇದ್ದರೆ ತಾರೀಕುಗಳ ಜಗಳವೇ ಇಲ್ಲ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು: 10 ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದ ಮಿತಿ, 30 ದಿನದಲ್ಲಿ ಉತ್ತರ. ಆದರೆ ಕೇಳಬೇಕಾದದ್ದು ವೃತ್ತದಲ್ಲಿ ಇಷ್ಟರಿಂದ ಇಷ್ಟರವರೆಗೆ ಬಂದ ಅರ್ಜಿ ಎಷ್ಟು, ವಿಲೇವಾರಿ ಎಷ್ಟು ಎಂಬುದನ್ನು. ಅವರ ಸೇವಾ ದಾಖಲೆ, ಆಸ್ತಿ ವಿವರ ಕೇಳಲು ಹೋಗಬೇಡಿ. ಅವು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಅಲ್ಲದೆ, ಸನ್ಮಾನ ಮಾಡುವವರೇ ಆಸ್ತಿ ಕೆದಕಿದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ.

ಮಾಜಿ ಅಧ್ಯಕ್ಷೆಯ ವಿಷಯ ಸಲೀಸು. ಅವರು ನೌಕರರಲ್ಲ, ಅನುಮತಿ ಬೇಕಿಲ್ಲ. ಆದರೆ ಪರಿಶೀಲನೆ ಬೇಕು, ಅದಕ್ಕೆ ದಾಖಲೆಯೂ ಧಾರಾಳ. ಪಂಚಾಯಿತಿಯ ಜಮಾಬಂದಿ ವರ್ಷಾ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಊರೆದುರು ನಡೆಯಬೇಕಾದ ಲೆಕ್ಕ ತಪಾಸಣೆ. ಅವರ ಅವಧಿಯ ವರದಿಗಳನ್ನೂ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳನ್ನೂ ತೆಗೆಸಿ ಓದಿ. ಆಕ್ಷೇಪಣೆ ಇದ್ದ ಮಾತ್ರಕ್ಕೆ ಕಳ್ಳತನವಲ್ಲ. ವೋಚರ್ ಇಲ್ಲ, ಅಳತೆ ಪುಸ್ತಕದಲ್ಲಿ ಸಹಿ ಇಲ್ಲ ಎಂಬಂಥವು ಬೇಕಾದಷ್ಟು ಇರುತ್ತವೆ. ನೋಡಬೇಕಾದದ್ದು ವಸೂಲಿ ಬಾಕಿ ತೋರಿಸಿದ್ದಾರೆಯೇ ಎಂಬುದನ್ನು. ಪಂಚಾಯಿತಿ ಹಣ ಹೊರಗೆ ಹೋಗಲು ಅಧ್ಯಕ್ಷರ ಜೊತೆ ಅಭಿವೃದ್ಧಿ ಅಧಿಕಾರಿಯ ಒಪ್ಪಿಗೆಯೂ ಬೇಕು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಒಬ್ಬರಿಗೇ ಸಲ್ಲುವುದು ಕಡಿಮೆ. ಆಮೇಲೆ ಒಂದು ಮಾತು, ಮುಲಾಜಿಲ್ಲದೆ: ಅಧಿಕಾರ ನಡೆಸಿದ್ದು ಅವರೇ ತಾನೆ? ಹೌದಾದರೆ ವೇದಿಕೆಯ ಕುರ್ಚಿಯೂ ಮೈಕೂ ಅವರಿಗೇ. ಪತಿರಾಯರು ಸಭೆಯಲ್ಲಿ ಕೂರಲಿ. ಚುನಾವಣೆ ಘೋಷಣೆಯಾಗಿದ್ದರೆ ಅಥವಾ ಅವರು ಮತ್ತೆ ನಿಲ್ಲುವ ಸುದ್ದಿ ಇದ್ದರೆ ಕಾರ್ಯಕ್ರಮವನ್ನು ಮುಂದೆ ಹಾಕಿ.

ಈಗ ಬಿನ್ನವತ್ತಳೆ. ಇಡೀ ಕಾರ್ಯಕ್ರಮದ ಜೀವ ಇದು, ಎಲ್ಲರೂ ಹಿಂದಿನ ರಾತ್ರಿ ಬರೆಸುವುದೂ ಇದನ್ನೇ. ಡಿಟಿಪಿ ಅಂಗಡಿಯಲ್ಲಿ ಒಂದು ಮಾದರಿ ಇರುತ್ತದೆ: ‘ದಕ್ಷರೂ ನಿಷ್ಠಾವಂತರೂ ಕರ್ಮಯೋಗಿಗಳೂ ಆದ ತಾವು...’ ಹೆಸರು ಬದಲಿಸಿದರೆ ಯಾರಿಗೂ ಹೊಂದುತ್ತದೆ. ಅದನ್ನು ಬಿಟ್ಟು ಹೀಗೆ ಬರೆಯಿರಿ: ‘ನೀವು ಪ್ರತಿ ಸಂತೆಯ ದಿನ ಶಾಲೆಯ ಜಗುಲಿಯಲ್ಲಿ ಕೂತು ಅರ್ಜಿ ತೆಗೆದುಕೊಂಡಿರಿ. ಹಿರಿಯರು ತೀರಿಕೊಂಡು ಬಹಳ ಕಾಲವಾಗಿದ್ದರೂ ಅವರ ಹೆಸರಿನಲ್ಲೇ ಉಳಿದಿದ್ದ ಇಷ್ಟು ಪಹಣಿಗಳು ಈಗ ವಾರಸುದಾರರ ಹೆಸರಿಗೆ ಬಂದಿವೆ. ನಮ್ಮ ಜನ ತಾಲ್ಲೂಕು ಕಚೇರಿಗೆ ಹೋಗುವ ಬಸ್ ಚಾರ್ಜು ಉಳಿಯಿತು.’ ‘ಇಷ್ಟು’ ಎಂದಿರುವಲ್ಲಿ ನಿಮ್ಮ ತಪಾಸಣೆಯ ಅಂಕಿ ಕೂರಬೇಕು. ಮೂರು ಕೆಲಸ, ತಾರೀಕು ಸಮೇತ, 200 ಪದ ಸಾಕು. ಅದನ್ನು ಓದುವವರು ಶಾಸಕರಾಗುವುದು ಬೇಡ; ಪೌತಿ ಖಾತೆ ಮಾಡಿಸಿಕೊಂಡ ಮನೆಯ ಅಜ್ಜಿಯೋ ಮಗನೋ ಓದಲಿ.

ಕಾರ್ಯಕ್ರಮಕ್ಕೆ ಒಂದು ಗಂಟೆ ಧಾರಾಳ. ಶಾಲು, ಫಲತಾಂಬೂಲ, ಕಟ್ಟು ಹಾಕಿಸಿದ ಬಿನ್ನವತ್ತಳೆ, ಒಂದು ಕನ್ನಡ ಪುಸ್ತಕ. ಸರ್ಕಾರಿ ಸಭೆಗಳಲ್ಲಿ ಹಾರ ತುರಾಯಿ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು ನಮ್ಮ ಸರ್ಕಾರವೇ 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಫ್ಲೆಕ್ಸ್ ಹಾಕಬೇಡಿ. 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷಿದ್ಧ. ಕಾನೂನು ಪಾಲಿಸಿದವರ ಚಿತ್ರವನ್ನು ಕಾನೂನು ಮುರಿದು ತೂಗುಹಾಕಿದರೆ ನೋಡಿದವರು ನಗುತ್ತಾರೆ. ಬಟ್ಟೆಯ ಬ್ಯಾನರ್ ಬರೆಸಿ. ಊಟದ ಬದಲು ಕಾಫಿ, ಚಿತ್ರಾನ್ನ. ಆ ದಿನವಾದರೂ ಅವರು ಕಾಫಿ ಕುಡಿದಾರು, ಅನುಮತಿ ಪತ್ರದಲ್ಲಿ ಅದನ್ನೂ ನಮೂದಿಸಿ.

ದೊಡ್ಡ ಪ್ರಶಸ್ತಿಗಳಿಗೆ ಹೆಸರು ಕಳಿಸುವ ಯೋಚನೆಯೂ ಇರಬಹುದು. ಸರ್ಕಾರಿ ನೌಕರರಿಗೆ ಪದ್ಮ ಪ್ರಶಸ್ತಿ ಇಲ್ಲ, ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟು. ಅವರಿಗೆ ಇರುವುದು ರಾಜ್ಯದ ಸರ್ವೋತ್ತಮ ಸೇವಾ ಪ್ರಶಸ್ತಿ, ಜಿಲ್ಲಾ ಮಟ್ಟದಲ್ಲೂ ರಾಜ್ಯ ಮಟ್ಟದಲ್ಲೂ. ಕೊಡುವುದು ಏಪ್ರಿಲ್ 21ರ ಸರ್ಕಾರಿ ನೌಕರರ ದಿನಾಚರಣೆಯಲ್ಲಿ; 1947ರಲ್ಲಿ ದೆಹಲಿಯ ಮೆಟ್ಕಾಫ್ ಹೌಸ್‌ನಲ್ಲಿ ಪಟೇಲರು ಹೊಸ ಅಧಿಕಾರಿಗಳನ್ನು ಉದ್ದೇಶಿಸಿ ಮಾತಾಡಿದ ದಿನ ಅದು. ಆ ಆಯ್ಕೆಗೆ ಇಲಾಖೆಯೊಳಗಿನಿಂದಲೇ ಹೆಸರು ಹೋಗಬೇಕು, ಆದರೆ ನಿಮ್ಮ ತಪಾಸಣೆಯ ಪುಟಗಳು ತಹಶೀಲ್ದಾರರ ಮೇಜಿನ ಮೇಲಿದ್ದರೆ ಹೆಸರು ಬರೆಯುವವರ ಕೈಗೆ ಬಲ. ಅಧ್ಯಕ್ಷೆಯಂಥವರಿಗೆ ಪದ್ಮದ ಬಾಗಿಲು ತೆರೆದಿದೆ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಸೂಚಿಸಬಹುದು, ವಿವರಣೆಗೆ 800 ಪದದ ಮಿತಿ. ಕಿತ್ತಳೆ ಮಾರಿ ನ್ಯೂಪಡ್ಪಿನಲ್ಲಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಹಾಗೆಂದು ‘ನೋಂದಣಿ ಶುಲ್ಕ’ ಕೇಳುವ ಪ್ರಶಸ್ತಿ ಸಂಸ್ಥೆಗಳ ಹತ್ತಿರಕ್ಕೂ ಹೋಗಬೇಡಿ. ಪದ್ಮಕ್ಕೆ ಅಂಥ ಶುಲ್ಕವೂ ಇಲ್ಲ, ಕೈಗೆ ಬರುವ ನಗದೂ ಇಲ್ಲ.

ನೇಪಾಳದಲ್ಲಿ 2014ರಿಂದ ಪ್ರಾಮಾಣಿಕ ನೌಕರರನ್ನು ಜನರೇ ಸೂಚಿಸಿ, ಸಮಿತಿ ಐವರನ್ನು ಆರಿಸಿ, ಟಿವಿಯಲ್ಲಿ ತೋರಿಸಿ, ಎಸ್‌ಎಂಎಸ್ ಮತ ಹಾಕಿಸುವ ಒಂದು ಪದ್ಧತಿ ನಡೆಯಿತು. ಮೊದಲ ವರ್ಷ ಗೆದ್ದವರು ಒಬ್ಬ ಶಿಕ್ಷಣಾಧಿಕಾರಿ. ಆರಿಸುವ ಮುನ್ನ ಶೋಧಿಸುವ ಕ್ರಮ ನಮಗೆ ಒಪ್ಪಿಗೆ. ಮತ ಮಾತ್ರ ಬೇಡ. ನಮ್ಮ ಕಡೆ ಅದು ಎರಡನೇ ದಿನಕ್ಕೆ ಜಾತಿ ಲೆಕ್ಕವಾಗುತ್ತದೆ.

ಬಿನ್ನವತ್ತಳೆಯನ್ನು ನಾಲ್ಕು ಪ್ರತಿ ಮಾಡಿಸಿ. ಒಂದು ಅವರಿಗೆ, ಒಂದು ತಹಶೀಲ್ದಾರರಿಗೆ, ಒಂದು ಪಂಚಾಯಿತಿಯ ಸೂಚನಾ ಫಲಕಕ್ಕೆ. ನಾಲ್ಕನೆಯದನ್ನು 30 ಮನೆಗಳ ಪಟ್ಟಿ ಮತ್ತು ಅನುಮತಿ ಪತ್ರದ ನಕಲಿನ ಜೊತೆ ನಮಗೆ ಕಳಿಸಿ, ಮನೆಯವರ ಹೆಸರು ಅಳಿಸಿ. ಡಿಸೆಂಬರ್ ಸಂಚಿಕೆಯಲ್ಲಿ ಒಂದು ಪುಟ ಇಟ್ಟಿರುತ್ತೇವೆ.

ಸಂಪಾದಕ