ಅಕ್ಕಪಕ್ಕದ ಬಂದರುಗಳು ಕೈಜೋಡಿಸಿದರೆ ಕಂಟೇನರ್ ವ್ಯಾಪಾರ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎನ್ನುವುದಕ್ಕಿಂತ, ಕೈತಪ್ಪಿ ಹೋಗುವುದು ನಿಲ್ಲುತ್ತದೆ ಎನ್ನಬಹುದು. ನಾನು ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಸಮುದ್ರ ನನಗೆ ದೂರ. ಆದರೆ ಗಂಜಿನಲ್ಲಿ, ಅಂದರೆ ನಮ್ಮ ಕಾಳುಕಡಿ ಮಾರುಕಟ್ಟೆಯಲ್ಲಿ, ಇದನ್ನೇ ದಿನವೂ ನೋಡುತ್ತೇನೆ. ಪಕ್ಕಪಕ್ಕದ ಇಬ್ಬರು ಅಡತಿಯವರು ಒಂದೇ ತೊಗರಿ ಲಾರಿಗಾಗಿ ದರ ಕಚ್ಚಾಡಿದರೆ ನಗುವವನು ಮೂರನೆಯವನು.

ಬಂದರಿನಲ್ಲಿ ಆ ಮೂರನೆಯವನು ಹಡಗು ಕಂಪನಿ. ಹಡಗುಗಳು ದೊಡ್ಡದಾದಂತೆ ಎರಡೂ ಬಂದರುಗಳು ಸಾಲ ಮಾಡಿ ಎತ್ತರದ ಕ್ರೇನ್ ತರುತ್ತವೆ, ಹೂಳೆತ್ತಿ ಆಳ ಹೆಚ್ಚಿಸುತ್ತವೆ. ಕಂಪನಿ ಒಂದನ್ನು ಆರಿಸಿಕೊಂಡರೆ ಇನ್ನೊಂದರ ಕ್ರೇನ್ ಬಿಸಿಲು ಕಾಯುತ್ತದೆ.

ಅಮೆರಿಕದ ಸಿಯಾಟಲ್ ಮತ್ತು ಟಕೋಮಾ ಹೀಗೆಯೇ ದಶಕಗಳ ಕಾಲ ಗ್ರಾಹಕರನ್ನು ಪರಸ್ಪರ ಕಿತ್ತುಕೊಂಡವು. ಅತ್ತ ಕೆನಡಾದ ವ್ಯಾಂಕೂವರ್, ಪ್ರಿನ್ಸ್ ರೂಪರ್ಟ್ ಸರಕು ಸೆಳೆಯುತ್ತಿದ್ದವು. 2015ರಲ್ಲಿ ಸಿಯಾಟಲ್, ಟಕೋಮಾ ಎರಡೂ ತಮ್ಮ ಸರಕು ಟರ್ಮಿನಲ್‌ಗಳನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಜಾಣತನವೆಂದರೆ ಜಮೀನಿನ ಒಡೆತನ ಅವರವರದೇ ಉಳಿಯಿತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಬಾವಿ ಮಾತ್ರ ಜಂಟಿಯಾಗಿಟ್ಟಂತೆ. ಡೆನ್ಮಾರ್ಕಿನ ಕೋಪನ್‌ಹೇಗನ್, ಸ್ವೀಡನ್ನಿನ ಮಾಲ್ಮೋ ಬಂದರುಗಳು ಬೇರೆ ಬೇರೆ ದೇಶಗಳಲ್ಲಿದ್ದರೂ 2001ರಲ್ಲೇ ಒಂದೇ ಕಂಪನಿಯಾದವು.

ಕಷ್ಟ ಇರುವುದು ಆದಾಯ ಹಂಚಿಕೆಯಲ್ಲಿ. ‘ನಮ್ಮೂರ ಕೂಲಿ ಆ ಊರಿಗೆ ಹೋಯಿತು’ ಎಂಬ ಕೂಗು ಎದ್ದೇ ಏಳುತ್ತದೆ. ಅದಕ್ಕೇ ಹೂಡಿಕೆ, ಪಾಲು ಎರಡನ್ನೂ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.